ಖೆಡ್ಡಾ ತಾತನ ಬೆನ್ನು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಹಸು ಇಲ್ಲದ ಮನೆ ಸಿಗಬಹುದು, ಬೈಕ್ ಇಲ್ಲದ ಮನೆ ಸಿಗಬಹುದು, ಚರಿತ್ರೆ ಇಲ್ಲದ ಮನೆ ಮಾತ್ರ ಸಿಗುವುದಿಲ್ಲ. ಪಿರಿಯಾಪಟ್ಟಣದ ಕಡೆ ಯಾರ ಹಿತ್ತಲಲ್ಲಿ ಹೆಗ್ಗಣದ ಬಿಲ ಕಂಡರೂ ಅದು ಶ್ರೀರಂಗಪಟ್ಟಣಕ್ಕೆ ಹೋಗುವ ಸುರಂಗ. ಅಷ್ಟು ಸುರಂಗ ನಿಜವಾಗಿದ್ದರೆ ತಾಲ್ಲೂಕು ಯಾವತ್ತೋ ಕುಸಿದು ಕಾವೇರಿ ಪಾಲಾಗುತ್ತಿತ್ತು. ಕೆ.ಆರ್. ನಗರದ ಕಡೆ ಹೋದರೆ ಮನೆಮನೆಯಲ್ಲೂ ಮಹಾರಾಜರು ನೀರು ಕುಡಿದ ಚೊಂಬು ತೋರಿಸುತ್ತಾರೆ. ಆ ನೀರೆಲ್ಲ ಕುಡಿದ ಮೇಲೆ ಮಹಾರಾಜರಿಗೆ ರಾಜ್ಯ ಆಳುವುದಕ್ಕೆ ಪುರುಸೊತ್ತು ಎಲ್ಲಿರುತ್ತಿತ್ತು, ನೀವೇ ಹೇಳಿ. ಇನ್ನು ಕಾಡಂಚಿನವರದ್ದು ಖೆಡ್ಡಾ. ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಹೊಳೆಗೆ ಅಟ್ಟಿ ಹಿಡಿಯುತ್ತಿದ್ದದ್ದು ನಿಜ, ನೋಡಲು ದೊರೆಗಳು ಬರುತ್ತಿದ್ದದ್ದೂ ನಿಜ. ಆದರೆ ಇಲ್ಲಿಯವರ ಮಾತು ಕೇಳಿದರೆ ಒಂದೊಂದು ಆನೆಯ ಬಾಲಕ್ಕೂ ಒಂದೊಂದು ಊರೇ ಜೋತುಬಿದ್ದಿತ್ತು ಅನ್ನಬೇಕು.

ವೀರನಹೊಸಹಳ್ಳಿ ರಸ್ತೆಯ ಕಡೆ ಹೊಗೆಸೊಪ್ಪು ಬೆಳೆಯುವ ಚೆಲುವಯ್ಯ ಇವರೆಲ್ಲರನ್ನೂ ಕಂಡು ನಗುತ್ತಿದ್ದ. "ಬಾಯಿಮಾತ್ನ ಯಾವನ್ ನಂಬ್ತಾನ್ಲಾ? ದಾಖ್ಲೆ ಬೇಕು ಕಣ್ಲಾ, ದಾಖ್ಲೆ!" ಅನ್ನುತ್ತಿದ್ದ. ದಾಖಲೆ ಅವನ ಮನೆ ಗೋಡೆಯ ಮೇಲೆಯೇ ಇತ್ತು. ಕಟ್ಟು ಹಾಕಿಸಿದ ಕಪ್ಪು ಬಿಳುಪು ಫೋಟೋ. ಹೊಳೆ ತುಂಬ ಆನೆ, ದಡದಲ್ಲಿ ಹಗ್ಗ ಹಿಡಿದ ಜನ, ಮೂಲೆಯಲ್ಲಿ ಪೇಟ ಸುತ್ತಿಕೊಂಡು ಒಂದು ಕೈ ಮೇಲೆತ್ತಿ ನಿಂತ ಮನುಷ್ಯ. ಅವನೇ ಚೆಲುವಯ್ಯನ ತಾತ ಕೆಂಪಯ್ಯ, ದೊರೆಗಳ ಮೇಲೆ ನುಗ್ಗಿ ಬಂದ ಸಲಗವನ್ನು ಕೈ ಎತ್ತಿ ನಿಲ್ಲಿಸಿದ ಧೀರ. ಚೆಲುವಯ್ಯನ ಅಪ್ಪ ಕಥೆ ಹೇಳುವಾಗ ಆ ಸಲಗ ಸುಮ್ಮನೆ ನಿಂತಿತ್ತು. ಚೆಲುವಯ್ಯನ ಕಾಲಕ್ಕೆ ಮಂಡಿ ಊರಿತು. ಹೋದ ಪಂಚಾಯ್ತಿ ಎಲೆಕ್ಷನ್ನಿನಿಂದೀಚೆಗೆ ಸೊಂಡಿಲೆತ್ತಿ ಸಲಾಮು ಹೊಡೆಯುವುದನ್ನೂ ಕಲಿತುಕೊಂಡಿತ್ತು.

ತೊಂದರೆ ಒಂದೇ. ಫೋಟೋದಲ್ಲಿ ತಾತ ಬೆನ್ನು ಹಾಕಿ ನಿಂತಿದ್ದ. ಮುಖವೇ ಕಾಣದವನನ್ನು ಗುರುತು ಹಿಡಿಯುವುದು ಹೇಗಪ್ಪಾ ಅಂತ ಯಾರಾದರೂ ಕೇಳಿದರೆ ಚೆಲುವಯ್ಯ ಅಂಗಿ ಎತ್ತಿ ಫೋಟೋ ಪಕ್ಕದಲ್ಲಿ ತಿರುಗಿ ನಿಲ್ಲುತ್ತಿದ್ದ. "ನೋಡ್ಕೊಳ್ಳಿ! ನಡ್ಮಧ್ಯ ಹಳ್ಳ, ಎರಡ್ಕಡೆ ದಿಬ್ಬ. ಖೆಡ್ಡಾ ಮನೆ ಬೆನ್ನು ಕಣ್ರೀ ಇದು!" ಅವನ ಹೆಂಡತಿ ಸಣ್ಣತಾಯಮ್ಮ ಕಾಫಿ ಲೋಟ ತರುತ್ತಾ, "ಬಂದೋರು ಕಾಫಿ ಕುಡುದ್ಮೇಲಾದ್ರೂ ತೋರ್ಸಿ, ವಾಕರ್ಕೆ ಬಂದೀತು" ಅನ್ನುತ್ತಿದ್ದಳು.

ಇಂಥ ಮನೆಗೆ ಮಗಳು ಪವಿತ್ರಳನ್ನು ನೋಡಲು ಸರಗೂರಿನಿಂದ ಗಂಡಿನ ಕಡೆಯವರು ಬಂದರು. ಪವಿತ್ರ ಎಚ್.ಡಿ. ಕೋಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಗಂಡು ತೇಜಸ್ ಸರಗೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನು. ಅವನ ಜೊತೆ ಅಪ್ಪ ಮಲ್ಲೇಶ್, ಸೋದರತ್ತೆ ಜವರಮ್ಮ. ಜವರಮ್ಮ ಸಾಮಾನ್ಯಳಲ್ಲ. ಬಸ್ಸಿನಲ್ಲಿ ಪಕ್ಕ ಕೂತವಳ ತವರೂರು ಕೇಳಿ, ಇಳಿಯುವುದರೊಳಗೆ ಅವಳು ತನಗೆ ಅತ್ತಿಗೆಯೋ ನಾದಿನಿಯೋ ಬೆರಳು ಮಡಚಿ ಹೇಳಿಬಿಡುತ್ತಿದ್ದಳು.

ಎಲ್ಲರ ತಟ್ಟೆಗೂ ಕೇಸರಿಬಾತ್ ಬಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಈಗಷ್ಟೇ ಕಂಡವರ ಹಾಗೆ ನೆಲ ನೋಡಿಕೊಂಡು ಕೂತರು. ಮಲ್ಲೇಶ್ ಮಾತ್ರ ಚಮಚ ಬಾಯಲ್ಲಿಟ್ಟುಕೊಂಡೇ ಗೋಡೆ ನೋಡುತ್ತಿದ್ದ. ಚೆಲುವಯ್ಯನಿಗೆ ಹಾಲು ಕುಡಿದಷ್ಟು ಖುಷಿಯಾಯಿತು.

"ನಮ್ಮ ತಾತ ಕಣ್ರೀ. ಕಾಕನಕೋಟೆ ಖೆಡ್ಡಾ..."

"ಯಾರ ತಾತ?" ಮಲ್ಲೇಶ್ ಎದ್ದು ನಿಂತ.

"ನಮ್ಮ ತಾತ. ನಮ್ಮಪ್ಪನ ಅಪ್ಪ."

"ಅದು ಎಂಗಾದಾತು? ಅವನು ನಮ್ಮಪ್ಪನ ಅಪ್ಪ! ಆನೆ ಸಿದ್ದಯ್ಯ ಅಂತ ಕರೀತಿದ್ರು. ಇದೇ ಫೋಟೋ ನಮ್ಮನೆ ಪಡಸಾಲೇಲಿ ಐತೆ. ದಿನಾ ಊದ್ಬತ್ತಿ ಹಚ್ತೀವಿ!"

"ನೀವು ಊದ್ಬತ್ತಿ ಹಚ್ದೇಟ್ಗೆ ನಮ್ಮ ತಾತ ನಿಮ್ಮ ತಾತ ಆಗ್ಬುಟ್ಟಾನಾ? ಬೆನ್ ನೋಡ್ರೀ!" ಚೆಲುವಯ್ಯ ಅಂಗಿ ಎತ್ತಿದ.

"ನಿಮ್ಮದೊಂದೇನಾ ಬೆನ್ನು?" ಮಲ್ಲೇಶ್ ಅಂಗಿ ಬಿಚ್ಚಿಯೇ ಬಿಟ್ಟ. ಚೆಲುವಯ್ಯನೂ ಬಿಚ್ಚಿದ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಎರಡೂ ಕಡೆಯ ಯಜಮಾನರು ಬರಿ ಮೈಯಲ್ಲಿ ಗೋಡೆಗೆ ಮುಖ ಮಾಡಿ ನಿಂತದ್ದು ಆ ಸೀಮೆಯಲ್ಲಿ ಅದೇ ಮೊದಲು. ಪಕ್ಕದ ಮನೆಯ ಪಂಚಾಯ್ತಿ ಮೆಂಬರ್ ಕಿರಣ್‌ಕುಮಾರನನ್ನು ಕರೆಸಿದರು. ಅವನು ಮೊಬೈಲ್ ಟಾರ್ಚ್ ಬಿಟ್ಟು ಒಂದು ಬೆನ್ನು ನೋಡಿದ, ಫೋಟೋ ನೋಡಿದ, ಇನ್ನೊಂದು ಬೆನ್ನು ನೋಡಿದ. ಮುಂದಿನ ಎಲೆಕ್ಷನ್ ನೆನಪಾಗಿ, "ಎರಡೂ ಅಚ್ಚೊತ್ತಿದಂಗವೆ ಕಣಣ್ಣ" ಅಂದ.

ಅಷ್ಟರಲ್ಲಿ ಜವರಮ್ಮನ ಬೆರಳು ಮಡಚತೊಡಗಿದವು. "ಇವ್ನೂ ಅವನ ಮೊಮ್ಮಗ, ಇವ್ರೂ ಅವನ ಮೊಮ್ಮಗ. ಅಂದ್ರೆ ಇವ್ರಿಬ್ರೂ ಅಣ್ಣತಮ್ಮ. ಅಣ್ಣತಮ್ಮನ ಮಕ್ಳು..." ಅಂದವಳೇ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವ್ನೇ! ಅಣ್ಣಂಗೆ ತಂಗೀನ ನೋಡೋಕ್ ಬಂದ್ವಲ್ಲಪ್ಪಾ!"

ತೇಜಸ್‌ನ ಗಂಟಲಲ್ಲಿ ಗೋಡಂಬಿ ಸಿಕ್ಕಿಕೊಂಡಿತು. ಪವಿತ್ರ ನೆಲ ನೋಡುವುದನ್ನು ಬಿಟ್ಟು ಎದ್ದಳು.

"ಅದೆಂಗ್ ಅಣ್ಣ ಆಯ್ತಾರೆ? ನನ್ದು ಓ ಪಾಸಿಟಿವ್, ಅವ್ರದ್ದು ಎಬಿ."

"ಅವನ ರಕ್ತ ನಿಂಗೆಂಗ್ ಗೊತ್ತು?" ಸಣ್ಣತಾಯಮ್ಮ ತಿರುಗಿದಳು.

ಅಲ್ಲಿಗೆ ಗುಟ್ಟು ರಟ್ಟಾಯಿತು. ಎರಡು ವರ್ಷದ ಹಿಂದೆ ಡೆಂಗಿ ಜ್ವರ ಇರಬಹುದೆಂದು ರಕ್ತ ಕೊಡಲು ಹೋದ ತೇಜಸ್, ಜ್ವರ ಬಿಟ್ಟ ಮೇಲೂ ಲ್ಯಾಬಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಮದುವೆ ದಲ್ಲಾಳಿಯನ್ನು ಹಿಡಿದು ಈ ಸಂಬಂಧವನ್ನು ಹೊಸದರ ಹಾಗೆ ಎರಡೂ ಮನೆಗೆ ಕಳಿಸಿದವರು ಇವರಿಬ್ಬರೇ. ಬೇರೆ ದಿನವಾಗಿದ್ದರೆ ಇದಕ್ಕೆ ದೊಡ್ಡ ರಂಪವಾಗುತ್ತಿತ್ತು. ಆವತ್ತು ಯಾರಿಗೂ ಅದು ಮುಖ್ಯವೇ ಅನ್ನಿಸಲಿಲ್ಲ.

"ಅಪ್ಪಾ, ತಾತ ಬೇಕಾ, ನನ್ನ ಮದ್ವೆ ಬೇಕಾ? ಒಂದ್ನ ಯೋಳು," ಅಂದಳು ಪವಿತ್ರ. "ಆ ಫೋಟೋ ನಮ್ದಲ್ಲ ಅಂದ್ಬುಡು, ಮುಗೀತು."

"ಮಲ್ಲೇಶಪ್ಪೋರು ಅನ್ಲಿ!"

"ನಾನ್ಯಾಕ್ ಅನ್ಲಿ?" ಅನ್ನುತ್ತಾ ಮಲ್ಲೇಶ್ ಅಂಗಿ ಹಾಕಿಕೊಂಡು ಹೊರಟ. ಕೋಪದಲ್ಲಿ ಹಾಕಿಕೊಂಡದ್ದು ಚೆಲುವಯ್ಯನ ಅಂಗಿ.

ಊರು ಸುಮ್ಮನಿರುತ್ತದೆಯೇ? ಒಬ್ಬನೇ ಮನುಷ್ಯ ಹುಣಸೂರು ಕಡೆ ಕೆಂಪಯ್ಯ, ಸರಗೂರು ಕಡೆ ಸಿದ್ದಯ್ಯ ಹೇಗಾದ ಎಂಬುದನ್ನು ಹಾಲಿನ ಡೈರಿ ಮುಂದೆ ನಿಂತವರು ಒಂದು ಬೆಳಗಿನಲ್ಲೇ ಬಗೆಹರಿಸಿದರು. ಕಾಡಿನ ಆ ಕಡೆ ಒಂದು ಸಂಸಾರ, ಈ ಕಡೆ ಒಂದು ಸಂಸಾರ. ಖೆಡ್ಡಾ ನೆಪದಲ್ಲಿ ಹೋಗುವುದು, ಬರುವುದು. ಕಿರಣ್‌ಕುಮಾರ್ ಮನೆಗೇ ಬಂದು, "ಚೆಲುವಣ್ಣ, ಅವರು ಜಮೀನಲ್ಲಿ ಭಾಗ ಕೇಳಿದ್ರೆ ಏನ್ಮಾಡೀಯ? ವಸಿ ಉಸಾರು" ಅಂತ ಹೇಳಿ ಕಾಫಿ ಕುಡಿದು ಹೋದ. ಚೆಲುವಯ್ಯನಿಗೆ ಜಮೀನಿಗಿಂತ ಅಜ್ಜಿಯ ಮಾನದ ಚಿಂತೆ ಹತ್ತಿತು. ಆದರೂ ಫೋಟೋ ಗೋಡೆಯಿಂದ ಇಳಿಯಲಿಲ್ಲ.

ಪವಿತ್ರ ಸುಮ್ಮನೆ ಕೂರುವ ಹುಡುಗಿಯಲ್ಲ. ಪಿರಿಯಾಪಟ್ಟಣದಿಂದ ಗಂಗಾಧರಪ್ಪನವರನ್ನು ಕರೆತಂದಳು. ಇವರು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಈಗ 'ಸುಳ್ಳಿಗೆ ಸುಣ್ಣ' ಅಂತ ಯೂಟ್ಯೂಬ್ ಚಾನೆಲ್ ಮಾಡಿಕೊಂಡು ಊರೂರು ಸುತ್ತಿ ಸುರಂಗ ಮುಚ್ಚುತ್ತಿದ್ದರು, ಚೊಂಬು ಬೋರಲು ಹಾಕುತ್ತಿದ್ದರು. ಊರಿಗೆ ಬಂದಾಗ ಕಾಫಿ ಸಿಗುತ್ತಿತ್ತು, ಹೊರಡುವಾಗ ಬೈಗುಳ ಸಿಗುತ್ತಿತ್ತು. ಎರಡನ್ನೂ ಅವರು ಸಮಚಿತ್ತದಿಂದ ಸ್ವೀಕರಿಸುತ್ತಿದ್ದರು. ತೀರ್ಪು ಕೇಳಲು ಮಲ್ಲೇಶನೂ ಜವರಮ್ಮನೂ ಬಂದರು, ತಮ್ಮ ಮನೆಯ ಫೋಟೋವನ್ನು ಟವಲಿನಲ್ಲಿ ಸುತ್ತಿಕೊಂಡು.

ಗಂಗಾಧರಪ್ಪ ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು.

"ಈ ಫೋಟೋ ನಿಮ್ಮ ತಂದೆಯವರಿಗೆ ಸಿಕ್ಕಿದ್ದೆಲ್ಲಿ?"

"ಅರಮನೇಲಿ ಕೊಟ್ರು" ಅಂದ ಚೆಲುವಯ್ಯ.

"ಸುಳ್ಯಾಕ್ ಯೋಳೀರಿ? ದಸರಾ ವಸ್ತುಪ್ರದರ್ಶನದಲ್ಲಿ ತಕ್ಕಂಡಿದ್ದಂತೆ, ಅತ್ತೆ ಯೋಳ್ತಿದ್ರು" ಅಂದಳು ಸಣ್ಣತಾಯಮ್ಮ.

"ನಮ್ಮಪ್ಪನೂ ಅಲ್ಲೇ..." ಅನ್ನಲು ಹೋಗಿ ಮಲ್ಲೇಶ್ ಕೆಮ್ಮಿದ.

"ಹಾಗಾದರೆ ಕೇಳಿ. ಖೆಡ್ಡಾ ಕಾಕನಕೋಟೆಯ ಸ್ವಂತ ಆಸ್ತಿಯಲ್ಲ. ಅಸ್ಸಾಮಿನಲ್ಲೂ ಇತ್ತು. ಇಲ್ಲಿ ಹಿಂದೆ ಕಾಣುತ್ತಲ್ಲ, ಈ ಉದ್ದದ ದೋಣಿ, ನಮ್ಮ ಕಪಿಲಾ ಹೊಳೆಯಲ್ಲಿ ಇಂಥದ್ದು ಎಲ್ಲಿತ್ತು? ನಮ್ಮದು ಹರಿಗೋಲು. ಇದು ಅಸ್ಸಾಮಿನ ಫೋಟೋ. ಮಾರುವವನು ಮೈಸೂರಿನಲ್ಲಿ ಮೈಸೂರಿನ ಹೆಸರು ಹೇಳಿ ಮಾರಿದ್ದಾನೆ. ಇನ್ನು ಈ ಮನುಷ್ಯ ಆನೆ ಕಡೆ ನೋಡುತ್ತಲೇ ಇಲ್ಲ. ಕೈ ಎತ್ತಿ ದೋಣಿ ಕರೆಯುತ್ತಿದ್ದಾನೆ."

ಪವಿತ್ರಳ ಮುಖ ಅರಳಿತು. ಇಬ್ಬರ ತಾತನೂ ಅಲ್ಲ ಅಂದ ಮೇಲೆ ಮದುವೆಗೆ ಅಡ್ಡಿಯೇನು? ಗಂಗಾಧರಪ್ಪನವರೂ ಹಾಗೆಯೇ ಎಣಿಸಿ ಕನ್ನಡಕ ಒರೆಸಿಕೊಂಡರು. ಸತ್ಯ ತಿಳಿದರೆ ಜನ ಒಪ್ಪುತ್ತಾರೆ ಅಂತ ಅವರಿಗೆ ಆ ವಯಸ್ಸಿನಲ್ಲೂ ನಂಬಿಕೆಯಿತ್ತು.

"ಏನಂದ್ರಿ?" ಚೆಲುವಯ್ಯ ಪಂಚೆ ಮೇಲೆ ಕಟ್ಟಿದ. "ನಮ್ಮ ತಾತ ಅಸ್ಸಾಮ್ನೋನಾ?"

"ದೋಣಿ ಕರ್ಯೋನಾ?" ಮಲ್ಲೇಶನೂ ಕಟ್ಟಿದ. "ಬೀಗ್ರೇ, ಈ ಮೇಷ್ಟ್ರು ನಿಮ್ಮ ತಾತಂಗೆ ಅವಮಾನ ಮಾಡ್ತಾವ್ರೆ!"

"ನಿಮ್ಮ ತಾತಂಗೂ ಮಾಡ್ತಾವ್ರೆ ಕಣ್ರೀ!"

ಇಬ್ಬರೂ ಸೇರಿ ಗಂಗಾಧರಪ್ಪನವರನ್ನು ಬಸ್‌ಸ್ಟಾಪಿನವರೆಗೆ ಬೈದುಕೊಂಡೇ ಬಿಟ್ಟು ಬಂದರು. ವಾಪಸು ಬರುವಾಗ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿದ್ದರು. ಪವಿತ್ರ ಬಾಗಿಲಲ್ಲಿ ನಿಂತು ಅದನ್ನು ನೋಡಿ ಹಣೆ ಚಚ್ಚಿಕೊಂಡಳು. ಜಗಳವಾದರೂ ಇದ್ದಿದ್ದರೆ ಒಂದು ದಾರಿಯಿತ್ತು.

ಅಷ್ಟರಲ್ಲಿ ಸರಗೂರಿನಲ್ಲಿ ಮಲ್ಲೇಶನ ಚಿಕ್ಕಪ್ಪ ತೀರಿಕೊಂಡ. ಹಣ್ಣು ಹಣ್ಣು ಮುದುಕ. ಜವರಮ್ಮ ಫೋನು ಮಾಡಿ, "ದಾಯಾದಿಗಳು ಅಂದ್ಮೇಲೆ ನಿಮ್ಗೂ ಸೂತಕ ಕಣಪ್ಪಾ, ಮೀಸೆ ತೆಗೀಬೇಕು. ಇಲ್ಲಾ ಅಂದ್ರೆ ಸಿದ್ದಯ್ಯನ ವಂಶ ಅಲ್ಲ ಅಂತ ಒಪ್ಕಳಿ" ಅಂದಳು. ಚೆಲುವಯ್ಯನ ಮೀಸೆ ಅಂದರೆ ಸಂತೆಯಲ್ಲಿ ಅದರ ಗುರುತಿನ ಮೇಲೆ ಅವನನ್ನು ಹುಡುಕುತ್ತಿದ್ದರು. ಅವನು ನೇರ ಹುಣಸೂರಿಗೆ ಹೋಗಿ, ಜನ್ಮದಲ್ಲಿ ಮುಖ ನೋಡದ ಮುದುಕನಿಗಾಗಿ ಮೀಸೆ ಬೋಳಿಸಿಕೊಂಡು ಬಂದ. ಹಟ್ಟಿ ನಾಯಿ ಬೊಗಳಿತು. ಸಣ್ಣತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು, ಅಳಲಿಕ್ಕೋ ನಗಲಿಕ್ಕೋ ಗೊತ್ತಾಗಲಿಲ್ಲ.

ಸುದ್ದಿ ಕೇಳಿದ ಮಲ್ಲೇಶ್ ಕರಗಿ ನೀರಾದ. ಫೋನಿನಲ್ಲೇ ಅತ್ತ. "ಒಡಹುಟ್ಟಿದೋರು ಮಾಡ್ನಿಲ್ಲ ಕಣ್ಲಾ ತಮ್ಮಾ! ನೀನು ಮೀಸೆ ಕೊಟ್ಟೆ!"

"ಅಣ್ಣಾ, ಅಳ್ಬ್ಯಾಡ ಕಣಣ್ಣಾ!" ಅಂತ ಚೆಲುವಯ್ಯನೂ ಅತ್ತ.

ಪವಿತ್ರಳಿಗೂ ಅಳು ಬಂತು. ಅವಳದ್ದು ಮಾತ್ರ ನಿಜವಾದ ಅಳು. "ಮದ್ವೆ ಅಂತ ಆದ್ರೆ ಅವ್ರನ್ನೇ ಆಗೋದು. ನೀನು ತಾತನ್ನ ಹಿಡ್ಕಂಡ್ ಕೂತ್ಕೊ, ನಾನು ಹಿಂಗೇ ಇದ್ಬುಡ್ತೀನಿ" ಅಂದವಳು ಅಪ್ಪನ ಜೊತೆ ಮಾತು ಬಿಟ್ಟಳು. ಚೆಲುವಯ್ಯನಿಗೆ ಅದು ಮೀಸೆ ಹೋದದ್ದಕ್ಕಿಂತ ಹೆಚ್ಚು ಉರಿಯಿತು. ಮನೆಯಲ್ಲಿ ತಾತನ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳಿ ಬೆಳೆದವಳು ಅವಳೊಬ್ಬಳೇ.

ಮುದುಕನ ತಿಥಿಗೆ ಮೂವರೂ ಸರಗೂರಿಗೆ ಹೊರಟರು. ಬಸ್ಸಿನಲ್ಲಿ ಮಗಳು ಮುಂದಿನ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಸಣ್ಣತಾಯಮ್ಮ ಗಂಡನ ಕಿವಿಗೆ ಬಾಯಿಟ್ಟಳು.

"ನಿಮ್ಮಮ್ಮ ಸಾಯೋಕ್ ಮುಂಚೆ ನನ್ಗೊಂದು ಮಾತು ಯೋಳಿದ್ರು. ಇಷ್ಟು ದಿನ ಒಟ್ಟೇಲಿಟ್ಕಂಡಿದ್ದೆ. ನಿಮ್ಮ ತಾತ ಖೆಡ್ಡಾಗೆ ಓಗೇ ಇಲ್ಲ."

"ಆಂ?"

"ಆನೆ ಅಟ್ತಾ ಕಾಡು ಸೋವೋಕೆ ಊರ್ಗಂಡಸ್ರುನ್ನೆಲ್ಲಾ ಕರ್ಕಂಡ್ ಓಯ್ತಿದ್ರಂತಲ್ಲ, ಆವಾಗ ಇವ್ರು ಎದ್ರಿ ಪಕ್ಕದೂರ್ಗೆ ಓಡೋಗಿ ಯಾರ್ದೋ ಅಗೇವಲ್ಲಿ ಬಚ್ಚಿಟ್ಕಂಡಿದ್ರಂತೆ."

ಹಗೇವು ಅಂದರೆ ಆಗಿನ ಕಾಲದಲ್ಲಿ ರಾಗಿ ತುಂಬಿಡಲು ಮನೆ ಮುಂದೆ ತೋಡುತ್ತಿದ್ದ ನೆಲಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಚೆಲುವಯ್ಯ ಬೆವರಿದ.

"ಆ ಮನೆ ಯೆಣ್ಮಗು ರಾಗಿ ತಗ್ಯೋಕ್ ಬಂದು ಇವ್ರ ತಲೆ ಮೇಲೆ ಕಾಲಿಕ್ತಂತೆ. ಕಿರುಚ್ಲಿಲ್ಲ. ಮೂರೊತ್ತೂ ರೊಟ್ಟಿ ತಂದಾಕ್ತಂತೆ. ಅದೇ ನಿಮ್ಮಜ್ಜಿ."

ಬಸ್ಸಿನ ಗಲಾಟೆಯಲ್ಲಿ ಪಿಸುಮಾತು ಅಂದರೂ ಕಿರುಚಿಯೇ ಆಡಬೇಕು. ಹಿಂದಿನ ಸೀಟಿನ ಹೆಂಗಸು, "ಆಮೇಲೆ?" ಅಂದಳು. ಕಂಡಕ್ಟರು ಟಿಕೆಟ್ ಕೊಡುವುದನ್ನು ನಿಲ್ಲಿಸಿದ್ದ.

"ಇದು ನಿಜ್ವಾ?" ಚೆಲುವಯ್ಯ ಹೆಂಡತಿಯ ಮುಖ ನೋಡಿದ.

"ಮಗೀನ ಮದ್ವೆ ಆಗೋಗಂಟ ನಿಜ" ಅಂದಳು ಸಣ್ಣತಾಯಮ್ಮ.

ತಿಥಿ ಮನೆ ನೆಂಟರಿಂದ ಗಿಜಿಗುಡುತ್ತಿತ್ತು. ಮಲ್ಲೇಶ್ ಚೆಲುವಯ್ಯನನ್ನು ತಬ್ಬಿಕೊಂಡು ಎಲ್ಲರ ಮುಂದೆ ನಿಲ್ಲಿಸಿದ. "ನೋಡ್ರಪ್ಪಾ, ಕಳೆದೋಗಿದ್ದ ತಮ್ಮ ಸಿಕ್ಕವ್ನೆ! ಇನ್ನು ಇವನ ಮಗಳು ನನ್ನ ಮಗಳು. ಅವಳ್ಗೆ ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿಯವ್ರ ಗಂಡು ನೋಡಿವ್ನಿ. ದೊಡ್ಡಪ್ಪ ಆಗಿ ಧಾರೆ ನಾನೇ ಎರೀತೀನಿ! ನಮ್ಮ ತೇಜಸ್ಸಿಗೆ ಯೆಣ್ಣು ನೋಡೋದು ತಮ್ಮಂದು!"

ತೇಜಸ್ ಬಡಿಸುತ್ತಿದ್ದ ಸಾರಿನ ಬಕೆಟ್ಟನ್ನು ನೆಲಕ್ಕಿಟ್ಟ. ಪವಿತ್ರ ಅಪ್ಪನನ್ನೇ ನೋಡಿದಳು. ಗೋಡೆಯ ಮೇಲೆ ಅದೇ ಹೊಳೆ, ಅದೇ ಆನೆ, ಹಾರ ಹಾಕಿದ ಅದೇ ಬೆನ್ನು. ಚೆಲುವಯ್ಯ ಅಭ್ಯಾಸಬಲದಿಂದ ಮೀಸೆ ತಿರುವಲು ಕೈ ಎತ್ತಿದ, ಬರಿ ತುಟಿ ಸಿಕ್ಕಿತು.

"ಇವನು ನಮ್ಮ ತಾತ ಅಲ್ಲ" ಅಂದ.

"ಏನಂದೆ ತಮ್ಮಾ?"

"ತಮ್ಮ ಅನ್ಬ್ಯಾಡಿ! ಈ ಧೀರ ನಿಮ್ಮೋನೇ, ನೀವೇ ಇಟ್ಕಳಿ. ನಮ್ಮ ತಾತ ಎದ್ರುಪುಕ್ಲ ಕಣ್ರೀ!"

ಊಟಕ್ಕೆ ಕೂತಿದ್ದವರು ಕೈಯಲ್ಲಿದ್ದ ಮುದ್ದೆಯನ್ನು ಎಲೆಗೇ ಬಿಟ್ಟರು. ಅಪ್ಪನಿಂದ ಬಂದದ್ದು, ಐವತ್ತು ವರ್ಷ ಎದೆ ಉಬ್ಬಿಸಿಕೊಂಡು ತಿರುಗಿದ್ದು, ಎಲ್ಲವೂ ಆ ಒಂದು ಮಾತಿನಲ್ಲಿ ಹೋಗಿತ್ತು. ಚೆಲುವಯ್ಯ ಹಗೇವಿನ ಕಥೆಯನ್ನು ತಲೆ ತಗ್ಗಿಸಿಯೇ ಶುರು ಮಾಡಿದ. ಆದರೆ ಯಾರೋ ಕಿಸಕ್ಕೆಂದರು, ಇನ್ನೊಬ್ಬರು "ಆಮೇಲೆ?" ಅಂದರು. ಕೇಳುವ ಜನ ಸಿಕ್ಕ ಮೇಲೆ ಚೆಲುವಯ್ಯ ತಲೆ ತಗ್ಗಿಸಿಕೊಂಡು ಎಷ್ಟು ಹೊತ್ತು ಇರಬಲ್ಲ?

"ಅಂತಿಂಥ ಪುಕ್ಲನಲ್ಲ ಕಣ್ರೀ! ಆನೆ ಲದ್ದಿ ಕಂಡ್ರೆ ಜ್ವರ ಬರೋದು! ನಾಲ್ಕು ತಾಲ್ಲೂಕಲ್ಲಿ ಅಂಥ ಪುಕ್ಲ ಇನ್ನೊಬ್ಬ ಇದ್ರೆ ತೋರ್ಸಿ, ನೋಡಾನ! ನೀವೆಲ್ಲಾ ಆನೆ ಹಿಡಿದೋರ ಮಕ್ಳು. ಅಗೇವಲ್ಲಿ ಯೆಣ್ಣು ಗೆದ್ದೋನ ಮೊಮ್ಮಗ ನಾನೊಬ್ನೇ!"

ತಿಥಿ ಮನೆ ಅನ್ನುವುದನ್ನೂ ಮರೆತು ಜನ ಬಿದ್ದು ಬಿದ್ದು ನಕ್ಕರು. ಜವರಮ್ಮ ನಗುತ್ತಲೇ ಬೆರಳು ಬಿಚ್ಚಿದಳು. "ತಾತ ಬೇರೆ, ವಂಶ ಬೇರೆ. ವರಸೆ ಕೂಡ್ತದೆ ಕಣೋ ಮಲ್ಲೇಶ!" ಪವಿತ್ರ ಬಂದು ಅಪ್ಪನ ಕೈ ಹಿಡಿದುಕೊಂಡಳು. "ಅಪ್ಪಾ, ಊಟ ಮಾಡು ಬಾ" ಅಂದಳು. ಅಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಚೆಲುವಯ್ಯನಿಗೆ ಕಣ್ಣು ತುಂಬಿ ಬಂದು ಎಲೆ ಸರಿಯಾಗಿ ಕಾಣಲಿಲ್ಲ.

ಮದುವೆ ಹುಣಸೂರಿನ ಛತ್ರದಲ್ಲಿ ಗೊತ್ತಾಯಿತು. ಅಷ್ಟರೊಳಗೆ ಹಗೇವಿನ ಕಥೆ ನಾಲ್ಕೂ ತಾಲ್ಲೂಕು ಸುತ್ತಿತ್ತು. ಮದುವೆಯ ದಿನ ಹುಡುಗಿಯರು ಬಂದು, "ಮಾವಾ, ಅಜ್ಜಿ ತಲೆ ಮೇಲೆ ಕಾಲಿಟ್ಟಿದ್ದು ಯೋಳಿ ಮಾವಾ" ಅಂತ ಗೋಗರೆಯುತ್ತಿದ್ದರು. ಚೆಲುವಯ್ಯ ಚಿಗುರು ಮೀಸೆ ಸವರಿಕೊಂಡು ಹೇಳುತ್ತಿದ್ದ. ಹಗೇವಿಗೆ ಒಂದು ನಾಗರಹಾವೂ ಬಂದು ಸೇರಿಕೊಂಡಿತ್ತು. ಮೊದಲ ಸಾಲಿನಲ್ಲಿ ಗಂಗಾಧರಪ್ಪ ಕೂತಿದ್ದರು. ಪವಿತ್ರ ಅವರನ್ನು ತಾನೇ ಹೋಗಿ ಕರೆದಿದ್ದಳು, ಊಟಕ್ಕೆ ಬಿಟ್ಟು ಬೇರೆಯದಕ್ಕೆ ಬಾಯಿ ತೆರೆಯಕೂಡದು ಎಂಬ ಕರಾರಿನ ಮೇಲೆ. ಮುಚ್ಚಿದ ಹಗೇವಿನಲ್ಲಿ ಗಾಳಿಯೇ ಇರುವುದಿಲ್ಲ, ಇಳಿದವನು ಉಸಿರುಗಟ್ಟಿ ಸಾಯುತ್ತಾನೆ ಅಂತ ಹೇಳಲು ಅವರು ಬೆರಳೆತ್ತಿದರು. ಪವಿತ್ರ ಹಸೆಮಣೆಯ ಮೇಲಿಂದಲೇ ಕಣ್ಣು ಬಿಟ್ಟಳು. ಬೆರಳು ಇಳಿಯಿತು.

ಮಲ್ಲೇಶನ ಸಂಕಟ ಯಾರಿಗೂ ಬೇಡ. ಆನೆ ನಿಲ್ಲಿಸಿದ ತಾತ ಈಗ ಪೂರ್ತಿ ಅವನೊಬ್ಬನವನೇ. ಆದರೆ ಆ ತಾತನನ್ನು ಕೇಳುವವರೇ ಇಲ್ಲ. ಹೋದ ಕಡೆಯಲ್ಲೆಲ್ಲ ಹಗೇವು, ಹಗೇವು, ಹಗೇವು. ಬೆಳಗಿನಿಂದ ತಡೆದುಕೊಂಡ. ತೇಜಸ್ ತಾಳಿ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಅವನಿಂದ ಆಗಲಿಲ್ಲ.

"ಬೀಗ್ರೇ, ವಸಿ ನಿಲ್ಲಿ!" ಅಂತ ಮಂಟಪಕ್ಕೆ ನುಗ್ಗಿದ. "ಎಲ್ರೂ ಕೇಳಿ. ಆ ಅಗೇವಲ್ಲಿ ಚೆಲುವಯ್ಯನೋರ ತಾತ ಒಬ್ರೇ ಇರ್ನಿಲ್ಲ. ನಿಜ ಯೋಳ್ತೀನಿ, ಒಳ್ಗಡೆ ಇನ್ನೊಬ್ರಿದ್ರು. ನಮ್ಮ ತಾತನೂ ಅದೇ ಮನೆ ರೊಟ್ಟಿ..."

ಸಭೆಯಲ್ಲಿ ಕೂತಿದ್ದ ಜವರಮ್ಮನ ಕೈ ಮೇಲೆದ್ದು ಒಂದು ಬೆರಳು ಮಡಚಿತು.

ಸಣ್ಣತಾಯಮ್ಮ ಅದನ್ನು ಕಂಡಳು. ಪುರೋ‌ಹಿತರ ಅಪ್ಪಣೆಗೂ ಕಾಯದೆ ವಾಲಗದವರ ಕಡೆ ತಿರುಗಿ, "ಗಟ್ಟಿಮೇಳ! ಊದ್ರಪ್ಪಾ, ಜೋರಾಗಿ ಊದಿ, ಗಟ್ಟಿಮೇಳ!" ಅಂತ ಛತ್ರ ಹಾರಿಹೋಗುವಂತೆ ಕೂಗಿದಳು. ಡೋಲು ಗುಡುಗಿತು, ನಾದಸ್ವರ ಕಿರುಚಿತು, ಅಕ್ಷತೆ ಸುರಿಯಿತು, ತೇಜಸ್ ಮೂರು ಗಂಟು ಹಾಕಿ ಮುಗಿಸಿದ. ಮಲ್ಲೇಶ್ ಮಾತ್ರ ಎರಡೂ ಕೈ ಆಡಿಸುತ್ತಾ ಬಹಳ ಹೊತ್ತು ಏನೋ ಹೇಳುತ್ತಲೇ ಇದ್ದ. ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ.